ಮೊಳೆ ಹೊಡೆಯಬಾರದು

ನಮ್ಮ ಊರಿನಲ್ಲಿ ಮನೆಯನ್ನು ಖಾಲಿ ಬಿಟ್ಟರೆ ಅದು ಮೇಲಕ್ಕೆ ಹೋಗುತ್ತದೆ. ಮೊದಲು ಬಾಗಿಲು ತಾನಾಗಿ ಕಿರುಗುಟ್ಟುತ್ತದೆ. ಆಮೇಲೆ ಒಂದು ಮೂಲೆ ಎದ್ದು ಅಡಿಯಲ್ಲಿ ಗಾಳಿ ಆಡುತ್ತದೆ, ಬೆಕ್ಕು ಆ ಕಡೆಯಿಂದ ನುಸುಳಿ ಈ ಕಡೆ ಬರುತ್ತದೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಗೋಡೆ, ಚಾವಣಿ, ನೆಲದ ಸಮೇತ ಇಡೀ ಮನೆ ತೆಂಗಿನ ಮರಕ್ಕಿಂತ ಮೇಲೆ ನಿಂತಿರುತ್ತದೆ. ಕೆಳಗೆ ಕಲ್ಲಿನ ಪಾಯ ಮಾತ್ರ ಉಳಿದಿರುತ್ತದೆ. ಹೊರಗಿನಿಂದ ಬಂದವರು ಕತ್ತೆತ್ತಿ ನೋಡುತ್ತಾ ನಡೆದು ಚರಂಡಿಗೆ ಬೀಳುತ್ತಾರೆ. ನಾವು ಊರಿನವರು ನೋಡುವುದಿಲ್ಲ. ಮೇಲೆ ನೋಡುತ್ತಾ ಕೂತರೆ ಕೆಳಗಿನ ಕೆಲಸ ಯಾರು ಮಾಡಬೇಕು.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಮನೆ ಮೇಲೆ ಹೋಗುವುದೆಂದರೆ ಮನೆಯವರಿಗೆ ನಾಚಿಕೆಯ ವಿಷಯವಾಗಿತ್ತು. ಯಾರಾದರೂ ಪರವೂರಿಗೆ ಹೊರಟರೆ ಪಕ್ಕದವರ ಕೈಗೆ ಬೀಗದ ಕೈ ಕೊಟ್ಟು, ಒಂದೆರಡು ರಾತ್ರಿ ಮಲಗೆದ್ದು ಬನ್ನಿ ಎಂದು ಕೇಳಿಕೊಳ್ಳುತ್ತಿದ್ದರು. ಆಮೇಲೆ ಊರು ಬೆಳೆಯಿತು. ಕಾರ್ಖಾನೆ ಬಂತು, ಕಾಲೇಜು ಬಂತು, ನಾಲ್ಕು ದಿಕ್ಕಿನಿಂದಲೂ ಜನ ಬಂದರು. ಮೇಲೆ ಹೋದ ಮನೆಗೆ ಬೆಲೆ ಜಾಸ್ತಿ ಎಂದು ಯಾವ ಪುಣ್ಯಾತ್ಮ ಮೊದಲು ಹೇಳಿದನೋ ಕಾಣೆ, ಅಲ್ಲಿಂದಾಚೆಗೆ ಉಳ್ಳವರೆಲ್ಲ ಮನೆ ಕಟ್ಟಿಸುವುದು, ಬೀಗ ಜಡಿಯುವುದು, ಅದು ಎದ್ದ ಕೂಡಲೇ ಹಗ್ಗ ಬಿಗಿದು ಮಾರುವ ದಿನಕ್ಕಾಗಿ ಕಾಯುವುದು ಶುರುವಾಯಿತು. ಆಕಾಶ ತುಂಬಿಹೋಯಿತು. ನಡುಮಧ್ಯಾಹ್ನ ಅಂಗಡಿಯವರು ದೀಪ ಹಾಕುತ್ತಿದ್ದರು. ನೆಲದ ಮೇಲೆ ಉಳಿದ ಮನೆಗಳ ಬಾಡಿಗೆಯನ್ನು ಕೇಳಿದರೆ, ಕೇಳಿದವರೇ ಮೇಲಕ್ಕೆ ಹೋಗುವ ಹಾಗಿತ್ತು. ಹಾಗಾಗಿ ನಮ್ಮಂಥವರು ಪಾಯಗಳ ಮೇಲೆ ತಾಡಪಾಲು ಕಟ್ಟಿಕೊಂಡು ಬದುಕಿದೆವು. ತಲೆಯ ಮೇಲೆ ಮನೆಯೇನೋ ಇತ್ತು, ಕೈಗೆ ಎಟುಕುತ್ತಿರಲಿಲ್ಲ ಅಷ್ಟೆ.

ನನ್ನ ಹೆಸರು ಸಾವಂತ್ರಮ್ಮ. ಇಸ್ತ್ರಿ ಗಾಡಿ ಇಟ್ಟಿದ್ದೇನೆ. ಸುಳ್ಳು ಯಾಕೆ ಹೇಳಲಿ, ಆಕಾಶ ತುಂಬಿದ್ದರಿಂದ ನನಗೆ ಲಾಭವೇ ಆಗಿತ್ತು. ಬಿಸಿಲಿಲ್ಲದೆ ಯಾರ ಬಟ್ಟೆಯೂ ಒಣಗುತ್ತಿರಲಿಲ್ಲ. ಎಲ್ಲರೂ ಹಸಿಬಟ್ಟೆಯನ್ನೇ ತಂದು ನನ್ನ ಇಸ್ತ್ರಿ ಪೆಟ್ಟಿಗೆಯಡಿ ಒಣಗಿಸಿಕೊಂಡು ಹೋಗುತ್ತಿದ್ದರು. ನನ್ನ ಗಂಡ ಬೋರಲಿಂಗನ ಕಸುಬು ಹಗ್ಗ. ಮೇಲಿದ್ದ ಮನೆಗಳ ಹಗ್ಗ ಸಡಿಲವಾದರೆ ಬಿಗಿಯುವುದು, ಸವೆದರೆ ಹೊಸದು ಹಾಕುವುದು. ಹೆಚ್ಚು ಮಾತಿನ ಮನುಷ್ಯನಲ್ಲ. ಮಾತಾಡುವುದಕ್ಕೆ ನಾನಿದ್ದೇನಲ್ಲ. ಓನರು ಪರಮಶಿವಯ್ಯನವರ ಮನೆಗಳೇ ಒಂದು ಬೀದಿಯಷ್ಟು ಆಕಾಶದಲ್ಲಿದ್ದವು, ಅವುಗಳಲ್ಲಿ ಒಂದರ ಪಾಯದ ಮೇಲೆ ನಾವಿದ್ದೆವು. ಹಗ್ಗ ಕಾಯುವವರು ಹಗ್ಗದ ಬುಡದಲ್ಲೇ ಇದ್ದರೆ ಒಳ್ಳೆಯದು ಎಂದು ಅವರೂ ಸುಮ್ಮನಿದ್ದರು.

ನಮಗೆ ಒಬ್ಬಳೇ ಮಗಳು, ಶಶಿಕಲಾ. ಹೋದ ವರ್ಷ ಪಕ್ಕದ ಊರಿಗೆ ಮದುವೆ ಮಾಡಿಕೊಟ್ಟೆವು. ಈ ವರ್ಷ ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ನಾನು ಮಾಡಬೇಕು. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ ಎಂದುಕೊಂಡು ಒಂದು ಬುಟ್ಟಿ ತುಂಬ ಚಕ್ಕುಲಿ ಕೋಡುಬಳೆ ಹೊತ್ತು ಬೀಗರ ಮನೆಗೆ ಹೋದೆ. ಬೀಗಿತ್ತಿ ದೊಡ್ಡತಾಯಮ್ಮ ಚಕ್ಕುಲಿ ಇಳಿಸಿಕೊಂಡರು, ಕಾಫಿ ಕೊಟ್ಟರು, ಆಮೇಲೆ ಎದುರಿಗೆ ಕೂತು ಹೇಳಿದರು.

"ನೋಡಿ ಬೀಗ್ರೇ, ಬೇಜಾರು ಮಾಡ್ಕೋಬೇಡಿ. ತವರು ಮನೆ ಅಂದ್ರೆ ಅದ್ರಲ್ಲಿ ತವರೂ ಇರ್ಬೇಕು, ಮನೆನೂ ಇರ್ಬೇಕು. ತವರೇನೋ ನೀವಿದ್ದೀರ. ಮನೆ ಎಲ್ಲಿ?"

"ಬಾಣಂತಿನ ಬೆಚ್ಚಗೆ ನೋಡ್ಕೋತೀನಿ ಅಕ್ಕ. ನನ್ನತ್ರ ಕೆಂಡ ಯಾವಾಗ್ಲೂ ಇರ್ತದೆ."

"ಕೆಂಡ ಇದ್ರೆ ಆಯ್ತಾ? ತಾಡಪಾಲು ಹಾರೋದ್ರೆ ಹಸುಗೂಸನ್ನ ಎತ್ಕೊಂಡು ಎಲ್ಲಿಗೆ ಓಡ್ತೀರಿ? ಒಂದು ಮನೆ ಅಂತ ತೋರ್ಸಿ, ನಾನೇ ಕರ್ಕೊಂಡ್ ಬಂದು ಬಿಟ್ಟು ಹೋಗ್ತೀನಿ. ಇಲ್ದಿದ್ರೆ ಹೆರಿಗೆ ಇಲ್ಲೇ ಆಗ್ಲಿ."

ಕೆಟ್ಟ ಮಾತೇನೂ ಅಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೂ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅತ್ತೆ. ಬಾಗಿಲಲ್ಲಿ ನಿಂತು ಕಳಿಸಿಕೊಟ್ಟ ಶಶಿ, "ಅವ್ವ, ನೀನು ಮಾಡಿದ ಕರಿಮೆಣಸಿನ ಸಾರು ತಿನ್ಬೇಕು ಅನ್ನಿಸ್ತದೆ" ಎಂದಿದ್ದಳು. ಕರಿಮೆಣಸಿನ ಸಾರಿಗೂ ಒಂದು ಗೋಡೆ ಬೇಕೇ ಎಂದು ನನಗೆ ಸಿಟ್ಟು ಬಂತು. ಊರಿಗೆ ಬಂದು ಇಳಿದು ಜೀವಮಾನದಲ್ಲಿ ಮೊದಲ ಸಲ ಕತ್ತೆತ್ತಿ ಮೇಲೆ ನೋಡಿದೆ. ಅಷ್ಟೊಂದು ಮನೆ. ಒಂದರಲ್ಲೂ ಒಂದು ನರಪಿಳ್ಳೆ ಇಲ್ಲ.

ಅಷ್ಟರಲ್ಲಿ ಆಷಾಢ ಬಂತು. ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಲ್ಲ, ಎಮ್ಮೆಯನ್ನೂ ಎರಡು ಹೆಜ್ಜೆ ಹಿಂದಕ್ಕೆ ತಳ್ಳುತ್ತದೆ. ಈ ವರ್ಷ ಆಕಾಶದಲ್ಲಿ ಮನೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದವು. ಒಬ್ಬರ ಮಹಡಿಯ ಮೆಟ್ಟಿಲು ಇನ್ನೊಬ್ಬರ ಸಜ್ಜಾಕ್ಕೆ ಸಿಕ್ಕಿಕೊಂಡಿತು. ಜವಳಿ ಅಂಗಡಿಯವರ ಮನೆಯೊಂದು ಹಗ್ಗ ಕಿತ್ತುಕೊಂಡು ಕೆರೆಯ ಮೇಲೆ ಹೊರಟೇಬಿಟ್ಟಿತು. ಅವರು ಸ್ಕೂಟರಿನಲ್ಲಿ ಕೆರೆ ಏರಿಯ ಮೇಲೆ ಅದರ ಹಿಂದೆ ಹೋಗುತ್ತಾ, "ನಿಂತ್ಕೋ, ನಿಂತ್ಕೋ" ಎಂದು ಕೈ ಮಾಡುತ್ತಿದ್ದರು. ಮನೆ ತನ್ನ ಪಾಡಿಗೆ ತಾನು ಗುಡ್ಡ ದಾಟಿ ಹೋಯಿತು. ಅದಕ್ಕೊಂದು ತುಳಸಿಕಟ್ಟೆ ಬೇರೆ ಇತ್ತು.

ಓನರುಗಳು ಕಂಗಾಲಾದರು. ಮನೆಯೊಳಗೆ ಕಲ್ಲು ಹೇರಿ ನೋಡಿದರು, ಮರಳಿನ ಚೀಲ ಹೇರಿ ನೋಡಿದರು. ಕಲ್ಲಿನ ಭಾರ ಮನೆಗೆ ಎಲ್ಲಿ ಗೊತ್ತಾಗಬೇಕು, ಅದು ಕಲ್ಲಿನಿಂದಲೇ ಆದದ್ದು. ಪರಮಶಿವಯ್ಯನವರು ಹೆಂಡತಿಯ ಕಡೆಯ ನೆಂಟರನ್ನೆಲ್ಲ ಕರೆಸಿ, ಏಣಿ ಹತ್ತಿಸಿ ಒಂದೊಂದು ಮನೆಯಲ್ಲಿ ಕೂರಿಸಿದರು. ನೆಂಟರು ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾ ಕೂತರು. ಮನೆಗಳು ಒಂದು ಗೇಣೂ ಇಳಿಯಲಿಲ್ಲ. ನೆಂಟರಲ್ಲಿ ಒಬ್ಬರು ಕಿಟಕಿಯಿಂದ ವಾಂತಿ ಮಾಡಿಕೊಂಡರು, ಅದು ನನ್ನ ಗಾಡಿಯ ಮೇಲೆ ಬಿದ್ದು ಡಾಕ್ಟರರ ಬಿಳಿ ಅಂಗಿ ಹಾಳಾಯಿತು.

ಕೊನೆಗೆ ನಗರಸಭೆಯ ಅಧ್ಯಕ್ಷೆ ಕಮರುನ್ನೀಸಾ ಅವರು ಓನರುಗಳನ್ನೂ ಪಾಯದ ಮೇಲಿದ್ದ ನಮ್ಮನ್ನೂ ಒಂದೇ ಸಭೆಗೆ ಕರೆದರು. ಆಕೆ ಗಟ್ಟಿಗಿತ್ತಿ, ಸುತ್ತಿಬಳಸಿ ಮಾತಾಡುವವರಲ್ಲ. "ಮೇಲೆ ಮನೆ ಇದೆ, ಜನ ಇಲ್ಲ. ಕೆಳಗೆ ಜನ ಇದಾರೆ, ಮನೆ ಇಲ್ಲ. ಇದಕ್ಕೆ ಇನ್ನೂ ಎಷ್ಟು ಮೀಟಿಂಗ್ ಮಾಡ್ಬೇಕು ಸ್ವಾಮಿ" ಎಂದರು. ಓನರುಗಳು ಗೊಣಗಿದರು. ಹೊರಗೆ ಇನ್ನೊಂದು ಹಗ್ಗ ಪಟ್ಟೆಂದು ಹರಿದ ಸದ್ದು ಕೇಳಿಸಿತು, ಗೊಣಗುವುದನ್ನು ನಿಲ್ಲಿಸಿ ಒಪ್ಪಿಕೊಂಡರು. ಆದರೆ ತಮ್ಮ ಕರಾರುಗಳನ್ನು ಬಿಡಲಿಲ್ಲ. ನಮ್ಮ ಕೈಗೆಟುಕುವ ಬಾಡಿಗೆಗೆ ಮನೆ ಕೊಡುತ್ತಾರೆ, ಆದರೆ ಹನ್ನೊಂದು ತಿಂಗಳಿಗೆ ಮಾತ್ರ. ಕೇಳಿದ ದಿನ ಖಾಲಿ ಮಾಡಬೇಕು. ಮೆಣಸಿನಕಾಯಿ ಹುರಿಯಬಾರದು, ಜೋರಾಗಿ ನಗಬಾರದು, ಗೋಡೆಗೆ ಮೊಳೆ ಹೊಡೆಯಬಾರದು. ಇದರಲ್ಲಿ ಕೊನೆಯದನ್ನು ಪರಮಶಿವಯ್ಯನವರು ಬರೀ ಬಾಯಿಮಾತಿಗೆ ಬಿಡದೆ ಪ್ರತಿ ಮನೆಯ ನಡುಮನೆಯ ಗೋಡೆಯಲ್ಲೂ ಕೆಂಪು ಬಣ್ಣದಲ್ಲಿ ಬರೆಸಿದ್ದರು. ಯಾರಿಗಾದರೂ ಕ್ಯಾಲೆಂಡರ್ ತೂಗುಹಾಕಬೇಕು ಅನ್ನಿಸುವ ಜಾಗ ಇರುತ್ತದಲ್ಲ, ಸರಿಯಾಗಿ ಅಲ್ಲಿ.

ಆಷಾಢದಲ್ಲಿ ಯಾರಾದರೂ ಹೊಸ ಮನೆಗೆ ಹೋಗುತ್ತಾರೆಯೇ ಎಂದು ಕೆಲವರು ರಾಗ ಎಳೆದರು. ಮನೆಯೇ ಇಲ್ಲದವರಿಗೆ ಯಾವ ಆಷಾಢ ಎಂದು ನಾನು ಮೊದಲು ಏಣಿ ಹತ್ತಿದೆ. ನಮಗೆ ಸಿಕ್ಕಿದ್ದು ನಮ್ಮ ಪಾಯದ ಮೇಲಿನ ಮನೆಯೇ. ಇಷ್ಟು ವರ್ಷ ಅದರ ತಳವನ್ನು ಮಾತ್ರ ಕಂಡಿದ್ದೆ. ಒಳಗೆ ಹೋಗಿ ನೋಡಿದರೆ ಎರಡು ಕೋಣೆ, ನಡುಮನೆ, ಅಡುಗೆಮನೆಯಲ್ಲಿ ಕರಿಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಕೈಯಾಡಿಸುತ್ತಾ ಸುಮ್ಮನೆ ನಿಂತುಬಿಟ್ಟೆ. ಬೋರಲಿಂಗ ಬಂದು, "ಯಾಕೆ, ಅಳ್ತಿದ್ದೀಯ?" ಎಂದ. ಹೊಗೆ ಎಂದೆ. ಒಲೆಯನ್ನೇ ಹಚ್ಚಿರಲಿಲ್ಲ.

ನಾವು ಕಾಲಿಟ್ಟ ಕೂಡಲೇ ಮನೆ ಇಳಿಯತೊಡಗಿತು. ಹೊಟ್ಟೆಯಲ್ಲಿ ಕಚಗುಳಿ ಇಟ್ಟಂತಾಯಿತು. ಬೀದಿಯುದ್ದಕ್ಕೂ ಮನೆಗಳು ಮೆಲ್ಲಗೆ ಇಳಿಯುತ್ತಿದ್ದವು, ಕಿಟಕಿ ಕಿಟಕಿಯಲ್ಲೂ ನಮ್ಮವರು ಕೈ ಬೀಸುತ್ತಿದ್ದರು, ಕೆಳಗೆ ಅಧ್ಯಕ್ಷೆ ಚಪ್ಪಾಳೆ ತಟ್ಟುತ್ತಿದ್ದರು. ಹಾಗೇ ಇಳಿಯುತ್ತಾ ಇಳಿಯುತ್ತಾ ನುಗ್ಗೆ ಮರದ ಎತ್ತರಕ್ಕೆ ಬಂದು ಎಲ್ಲವೂ ನಿಂತುಬಿಟ್ಟವು. ಕಾದೆವು. ಕುಣಿದು ನೋಡಿದೆವು. ಪಕ್ಕದ ಮನೆಯಲ್ಲಿದ್ದ ಬೀಗ ರಿಪೇರಿಯ ಬುಡೇನ್ ಸಾಬರು ಮಕ್ಕಳನ್ನೆಲ್ಲ ಒಂದೇ ಮೂಲೆಗೆ ಕೂರಿಸಿ ನೋಡಿದರು, ಮನೆ ಆ ಮೂಲೆಗೆ ವಾಲಿತೇ ಹೊರತು ಇಳಿಯಲಿಲ್ಲ. ಅಲ್ಲಿಗೆ ನಾವು ಮೇಲೂ ಅಲ್ಲ, ಕೆಳಗೂ ಅಲ್ಲ ಎಂದಾಯಿತು.

ಜನ ಯಾವುದಕ್ಕೆ ತಾನೇ ಒಗ್ಗಿಕೊಳ್ಳುವುದಿಲ್ಲ. ಬೋರಲಿಂಗ ಕಿಟಕಿಗೆ ರಾಟೆ ಕಟ್ಟಿ ಒಂದು ಕುರ್ಚಿಯನ್ನು ಇಳಿಬಿಟ್ಟ. ಹಾಲು, ಸೊಪ್ಪು, ಗಿರಾಕಿಗಳ ಬಟ್ಟೆಗಂಟು, ಎಲ್ಲವೂ ಅದರಲ್ಲೇ ಓಡಾಡಿದವು. ನುಗ್ಗೆಕಾಯಿಯನ್ನು ಅಡುಗೆಮನೆಯ ಕಿಟಕಿಯಿಂದಲೇ ಕಿತ್ತು ಸಾಂಬಾರಿಗೆ ಹಾಕುತ್ತಿದ್ದೆ. ಗಾಳಿ ಬೀಸಿದಾಗ ಬುಡೇನ್ ಸಾಬರ ಮನೆ ನಮ್ಮ ಮನೆಗೆ ತಾಗುತ್ತಿತ್ತು. ತಾಗಿದ ಗಳಿಗೆಯಲ್ಲಿ ಅವರ ಹೆಂಡತಿ ಒಂದು ಬಟ್ಟಲು ಖೀರು ಈ ಕಡೆ ದಾಟಿಸುತ್ತಿದ್ದರು, ಮುಂದಿನ ಗಾಳಿಗೆ ನಾನು ಬಟ್ಟಲು ತುಂಬಿ ವಾಪಸು ಕೊಡುತ್ತಿದ್ದೆ. ಗಾಳಿ ಬೀಸದ ದಿನ ಅವರ ಬಟ್ಟಲು ನಮ್ಮಲ್ಲೇ ಉಳಿಯುತ್ತಿತ್ತು. ಊಟಕ್ಕೆ ಕೂತರೆ ಸಾರು ತಟ್ಟೆಯ ಒಂದು ಅಂಚಿಗೆ, ಅನ್ನ ಇನ್ನೊಂದು ಅಂಚಿಗೆ. ಎಲ್ಲರಿಗೂ ಸದಾ ಒಂಥರಾ ತಲೆ ಸುತ್ತು, ಒಂಥರಾ ನಗು. ನಗುವುದಕ್ಕೆ ಕರಾರಿನಲ್ಲಿ ಅವಕಾಶವಿಲ್ಲವಾದ್ದರಿಂದ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದೆವು.

ಆದರೂ ನಾನು ಗಂಟು ಬಿಚ್ಚಲಿಲ್ಲ. ಸೀರೆ, ಪಾತ್ರೆ, ಶಶಿಯ ಹಳೇ ಲಂಗ, ಎಲ್ಲವೂ ಕಟ್ಟಿದ ಹಾಗೇ ಮೂಲೆಯಲ್ಲಿತ್ತು. ಕೇಳಿದ ದಿನ ಖಾಲಿ ಮಾಡಬೇಕಲ್ಲ. ಬೋರಲಿಂಗ ಅಂಗಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದ. ಕ್ಯಾಲೆಂಡರನ್ನು ನೆಲದ ಮೇಲೆ ಹಾಸಿ ಬಗ್ಗಿ ಹಬ್ಬ ಹುಣ್ಣಿಮೆ ನೋಡುತ್ತಿದ್ದೆವು. ಒಂದೊಂದು ಸಲ ಕೆಳಗೆ ಪರಮಶಿವಯ್ಯನವರ ಕೆಮ್ಮು ಕೇಳಿದರೆ ಸಾಕು, ನನ್ನ ಕೈ ತಾನಾಗಿ ಗಂಟಿನ ಮೇಲೆ ಹೋಗುತ್ತಿತ್ತು. ಆಗ ಮನೆ ಅಷ್ಟೇ ಅಷ್ಟು ಮೇಲೆದ್ದಂತೆ ಅನ್ನಿಸುತ್ತಿತ್ತು.

ಮನೆ ಸಿಕ್ಕಿದೆ ಬನ್ನಿ ಎಂದು ಬೀಗರಿಗೆ ಹೇಳಿ ಕಳಿಸಿದ್ದೆ. ಎಷ್ಟು ಎತ್ತರದಲ್ಲಿದೆ ಎಂದು ಹೇಳಿರಲಿಲ್ಲ. ಒಂದು ಬೆಳಿಗ್ಗೆ ಆಟೋ ಬಂದು ನಿಂತಿತು. ದೊಡ್ಡತಾಯಮ್ಮ ಇಳಿದರು, ಕೈಯಲ್ಲೊಂದು ದೊಡ್ಡ ಚೀಲ. ಹಿಂದೆಯೇ ಏಳು ತಿಂಗಳು ತುಂಬಿದ ನನ್ನ ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಇಳಿದಳು. ಇಬ್ಬರೂ ಪಾಯವನ್ನು ನೋಡಿದರು, ಆಮೇಲೆ ಮೆಲ್ಲಗೆ ಕತ್ತೆತ್ತಿದರು. ನಾನು ಕಿಟಕಿಯಲ್ಲಿ ನಿಂತು ಬಲವಂತವಾಗಿ ನಗುತ್ತಿದ್ದೆ.

"ಇದೇನ್ ಬೀಗ್ರೇ," ಎಂದರು ದೊಡ್ಡತಾಯಮ್ಮ.

"ಮನೆ ಅಕ್ಕ. ಬನ್ನಿ, ಕುರ್ಚೀಲಿ ಕೂತ್ಕೊಳಿ. ಇವ್ರು ಎಳೀತಾರೆ."

"ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರ್ದು. ಅವಳನ್ನ ಒಳಗೆ ಬಿಟ್ಟು ನಾನು ಹೊರಗೇ ನಿಂತು ಹೋಗೋಣ ಅಂತ ಬಂದೆ. ಇಲ್ಲಿ ಹೊರಗೆ ಅನ್ನೋದೇ ಇಲ್ವಲ್ಲ."

"ಹೊಸಿಲು ಎಲ್ಲಿ ದಾಟ್ತೀರಿ ಅಕ್ಕ, ಕಿಟಕೀಲಿ ತಾನೇ ಬರೋದು."

ಅವರಿಗೆ ಅದು ಸರಿ ಕಂಡಿತು. ಮೊದಲು ತಾವು ಹತ್ತಿ, ಗಟ್ಟಿಯಾಗಿದೆಯೇ ನೋಡಿ, ಆಮೇಲೆ ಸೊಸೆಯನ್ನು ಹತ್ತಿಸುವುದೆಂದು ತೀರ್ಮಾನಿಸಿದರು. ಬೋರಲಿಂಗನೂ ಬುಡೇನ್ ಸಾಬರೂ ಕೆಳಗೆ ನಿಂತು ಹಗ್ಗ ಎಳೆದರು. ಬೀಗಿತ್ತಿ ತೂಕದ ಹೆಂಗಸು, ರಾಟೆ ಕಿರ್‍ ಎಂದು ಅಳುತ್ತಿತ್ತು. ಕುರ್ಚಿ ಗಿರಗಿರನೆ ಸುತ್ತಿದಾಗ ಅವರು ಕಣ್ಣು ಮುಚ್ಚಿ ಊರಿನ ದೇವರನ್ನೆಲ್ಲ ಕರೆದರು. ಆಮೇಲೆ ಶಶಿ ಬಂದಳು, ಬರುವಾಗ ಕಾಲು ಆಡಿಸುತ್ತಾ ಉಯ್ಯಾಲೆಯಲ್ಲಿ ಕೂತವಳಂತೆ ನಗುತ್ತಿದ್ದಳು. ಅವಳನ್ನು ಎರಡೂ ಕೈಯಲ್ಲಿ ಬಾಚಿ ಕಿಟಕಿಯಿಂದ ಒಳಗೆ ತೆಗೆದುಕೊಂಡೆ.

ದೊಡ್ಡತಾಯಮ್ಮ ಮನೆಯೆಲ್ಲ ನೋಡಿದರು. ಗೋಡೆ ತಟ್ಟಿದರು, ನಲ್ಲಿ ತಿರುಗಿಸಿದರು. ಮೂಲೆಯ ಮುಂದೆ ನಿಂತರು.

"ಗಂಟು ಯಾಕೆ ಬಿಚ್ಚಿಲ್ಲ?"

"ಬಿಚ್ತೀನಿ ಅಕ್ಕ. ಹನ್ನೊಂದು ತಿಂಗ್ಳಿಗೆ ಅಂತ ಕೊಟ್ಟವ್ರೆ. ಯಾವಾಗ ಏಳಿ ಅಂತಾರೋ."

"ಅಂದ್ರೆ ಮಗೂಗೆ ಹಲ್ಲು ಬರೋ ಹೊತ್ಗೆ ಬೀದಿಗೆ," ಎಂದರು. ಶಶಿ ನನ್ನ ಮುಖ ನೋಡಿದಳು. ನಾನು ಒಲೆಯ ಕಡೆ ತಿರುಗಿ ಮೆಣಸಿನ ಸಾರು ಕಲಕಿದೆ. ಮುಗಿಯಿತು, ಇನ್ನು ಇವರು ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುವುದೊಂದೇ ಬಾಕಿ ಎಂದುಕೊಂಡೆ.

ಅಷ್ಟರಲ್ಲಿ ಗಾಳಿ ಬೀಸಿತು. ಮನೆ ಒಂದು ಕಡೆಗೆ ವಾಲಿತು. ದೊಡ್ಡತಾಯಮ್ಮ ನೆಲಕ್ಕಿಟ್ಟಿದ್ದ ಚೀಲ ಜರ್ರನೆ ಜಾರಿ ಆ ಗೋಡೆಗೆ ಹೋಯಿತು. ಅದರೊಳಗೆ ಸೊಸೆಗೆಂದು ತಂದಿದ್ದ ಅಂಟಿನುಂಡೆ, ತುಪ್ಪದ ಡಬ್ಬಿ ಎಲ್ಲ ಇತ್ತು. ಅವರು ಹಿಡಿಯಲು ಹೋದರು, ಮನೆ ಈ ಕಡೆ ವಾಲಿತು, ಚೀಲ ಅವರ ಕಾಲ ಸಂದಿಯಲ್ಲೇ ನುಸುಳಿ ಈ ಗೋಡೆಗೆ ಬಂತು. ಮತ್ತೆ ಆ ಕಡೆ, ಮತ್ತೆ ಈ ಕಡೆ. ಶಶಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ತಡೆಯಲಾಗಲಿಲ್ಲ, ಸೆರಗೂ ಸಾಲಲಿಲ್ಲ. ಬೀಗಿತ್ತಿ ಮೂರನೆಯ ಸಲ ಚೀಲದ ಮೇಲೆ ಪೂರ್ತಿ ಬಿದ್ದು ಅದನ್ನು ಹಿಡಿದರು. ಎದ್ದು ಕೂತಾಗ ತುರುಬು ಬಿಚ್ಚಿಹೋಗಿತ್ತು.

"ಇಷ್ಟು ದೊಡ್ಡ ಮನೇಲಿ ಒಂದು ಚೀಲ ನೇತ್ಹಾಕಕ್ಕೆ ಒಂದು ಮೊಳೆ ಇಲ್ವಾ?"

ನಾನು ಗೋಡೆಯ ಮೇಲಿನ ಕೆಂಪು ಬರಹ ತೋರಿಸಿದೆ. ಅವರು ಓದಿದರು. ಓದಿ ಮುಗಿಸಿ ಚೀಲದೊಳಗೆ ಕೈಹಾಕಿ, ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಸುತ್ತಿದ್ದ ದಪ್ಪನೆಯ ಕಬ್ಬಿಣದ ಮೊಳೆಯೊಂದನ್ನು ತೆಗೆದರು. ಬಸುರಿಗೆ ಗಾಳಿ ಸೋಕದಿರಲಿ ಎಂದು ತಲೆದಿಂಬಿನ ಕೆಳಗೆ ಇಡುತ್ತಾರಲ್ಲ, ಆ ಮೊಳೆ.

"ಅತ್ತೆ, ಅದು ನನ್ನ ದಿಂಬಿನ ಕೆಳಕ್ಕೆ ಅಲ್ವಾ?" ಎಂದಳು ಶಶಿ.

"ದಿಂಬಿನ ಕೆಳಗಿದ್ರೇನು, ಗೋಡೇಲಿದ್ರೇನು, ಕಬ್ಬಿಣ ಕಬ್ಬಿಣನೇ. ಬೀಗ್ರೇ, ಸುತ್ತಿಗೆ ಕೊಡಿ."

ಸುತ್ತಿಗೆ ಎಲ್ಲಿಂದ ತರಲಿ. ಅವರು ಸುತ್ತ ನೋಡಿದರು, ಕೆಂಡ ಹಾಕದೆ ಇಟ್ಟಿದ್ದ ನನ್ನ ಇಸ್ತ್ರಿ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ, ಸರಿಯಾಗಿ ಕೆಂಪು ಬರಹದ ನಡುವೆ ಮೊಳೆ ಇಟ್ಟು, ಒಂದು ಬಿಟ್ಟರು. ಮೊಳೆ ಅರ್ಧ ಹೋಯಿತು. ಮನೆ ಗಕ್ಕನೆ ಇಳಿಯಿತು.

ನಾವು ಮೂವರೂ ಒಬ್ಬರನ್ನೊಬ್ಬರು ನೋಡಿದೆವು.

"ಇನ್ನೊಂದ್ ಬಿಡಿ ಅಕ್ಕ," ಎಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ನನಗೇ ಗೊತ್ತಿಲ್ಲ.

ಅವರು ಇನ್ನೊಂದು ಬಿಟ್ಟರು. ಕಿಟಕಿಯಾಚೆ ನುಗ್ಗೆಯ ಕೊಂಬೆಗಳು ಮೇಲಕ್ಕೆ ಓಡಿದವು. ಕೆಳಗಿನಿಂದ ಬೋರಲಿಂಗ, "ಯಾರ್ರೀ ಅದು, ಏನ್ ಮಾಡ್ತಿದ್ದೀರಿ" ಎಂದು ಕೂಗಿದ. ಮೂರನೆಯ ಏಟಿಗೆ ಮನೆ ತನ್ನ ಪಾಯದ ಮೇಲೆ ದೊಪ್ಪೆಂದು ಕೂತಿತು. ಪಾತ್ರೆಗಳೆಲ್ಲ ಒಮ್ಮೆ ಗಲಗಲ ಎಂದು ಸುಮ್ಮನಾದವು. ಸಾರು ತುಳುಕಲೂ ಇಲ್ಲ. ದೊಡ್ಡತಾಯಮ್ಮ ಚೀಲವನ್ನು ಮೊಳೆಗೆ ನೇತುಹಾಕಿ, ತುರುಬು ಕಟ್ಟಿಕೊಂಡು, "ಈಗ ನೋಡಿ, ಇದು ಮನೆ" ಎಂದರು. ನಾನು ಓಡಿಹೋಗಿ ಗಂಟು ಬಿಚ್ಚಿದೆ. ಸೀರೆಗಳನ್ನೆಲ್ಲ ನೆಲದ ಮೇಲೆ ಚೆಲ್ಲಿದೆ. ಹುಚ್ಚಿಯ ಹಾಗೆ ಶಶಿಯ ಹಳೇ ಲಂಗವನ್ನು ಎದೆಗೊತ್ತಿಕೊಂಡು ಕೂತೆ.

ಹೊರಗೆ ಬೋರಲಿಂಗ ಸಡಿಲಗೊಂಡ ಹಗ್ಗವನ್ನು ನೋಡಿ, ಇನ್ನು ಇದಕ್ಕೇನು ಕೆಲಸ ಎಂದು ಬಿಚ್ಚಿ ಸುರುಳಿ ಸುತ್ತಿಟ್ಟ. ಬಿಚ್ಚುವುದಕ್ಕೂ ಪರಮಶಿವಯ್ಯನವರು ಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ಇಕ್ಕಳ ಹಿಡಿದೇ ಬಂದಿದ್ದರು. ಮೊಳೆ ಹೊಡೆದ ಸದ್ದು ಓನರುಗಳಿಗೆ ಎಷ್ಟು ದೂರದಿಂದ ಬೇಕಾದರೂ ಕೇಳಿಸುತ್ತದೆ.

"ಏನಮ್ಮ ಸಾವಂತ್ರಮ್ಮ, ಗೋಡೆ ಮೇಲೆ ಏನ್ ಬರ್ಸಿದೀನಿ ನಾನು? ನಿನಗೆ ಕಣ್ಣು ಕಾಣ್ಸಲ್ವಾ?"

"ಹೊಡ್ದಿದ್ದು ನಾನು," ಎಂದರು ದೊಡ್ಡತಾಯಮ್ಮ.

"ಯಾರಾದ್ರೂ ಆಗ್ಲಿ. ನಾಳೆ ಈ ಮನೆ ಮಾರ್ಬೇಕು ಅಂದ್ರೆ ಗೋಡೇಲಿ ತೂತು ನೋಡ್ದೋರು ಏನಂತಾರೆ? ಮೊಳೆ ಕೀಳ್ತೀನಿ, ನೀವು ಗಂಟು ಕಟ್ಟಿ." ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದವರೇ ಚೀಲ ತೆಗೆದು ನನ್ನ ಕೈಗಿಟ್ಟು, ಮೊಳೆಗೆ ಇಕ್ಕಳ ಹಾಕಿ ಎಳೆದರು.

ಮೊಳೆ ಒಂದು ಬೆರಳಿನಷ್ಟು ಬಂತು. ಮನೆ ಸರಕ್ಕನೆ ಎದ್ದಿತು. ಪರಮಶಿವಯ್ಯನವರು ಜೋಲಿ ತಪ್ಪಿ ಗೋಡೆಯನ್ನು ತಬ್ಬಿಕೊಂಡರು. ಬಾಗಿಲಲ್ಲಿ ನೋಡಿದರೆ ಅವರ ಚಪ್ಪಲಿ ಆಳದಲ್ಲಿ ಕಾಣುತ್ತಿತ್ತು. ಬೋರಲಿಂಗ ಕೆಳಗೆ ಬಾಯಿ ತೆರೆದು ನಿಂತಿದ್ದ, ಅವನ ಹೆಗಲ ಮೇಲೆ ಹಗ್ಗದ ಸುರುಳಿ ಇತ್ತು.

"ಬೋರಲಿಂಗ, ಹಗ್ಗ ಎಲ್ಲೋ?" ಎಂದರು, ಧ್ವನಿ ಸಣ್ಣದಾಗಿತ್ತು.

"ನನ್ ಹೆಗಲ ಮೇಲದೆ ಬುದ್ಧಿ."

ಗಾಳಿ ಗುಯ್ ಎಂದಿತು. ಮನೆ ಕೆರೆಯ ಕಡೆಗೆ ಮುಖ ತಿರುಗಿಸಿತು. ಜವಳಿ ಅಂಗಡಿಯವರ ಮನೆ ಹೋದ ದಾರಿಯೇ ಅದು. ದೊಡ್ಡತಾಯಮ್ಮ ಸೊಸೆಯನ್ನು ಗೋಡೆಗೊರಗಿಸಿ ಕೂರಿಸಿ, ತಾವೂ ಪಕ್ಕದಲ್ಲಿ ಕಾಲು ನೀಡಿ ಕೂತರು. "ಕೀಳಿ ಯಜಮಾನ್ರೇ, ಯಾಕೆ ನಿಲ್ಲಿಸ್ಬಿಟ್ರಿ," ಎಂದರು. "ನಾವೇನೋ ಮೂರು ಜನ ಹೆಂಗಸ್ರು, ಸಾರು ಅನ್ನ ಇದೆ, ತುಪ್ಪ ಇದೆ. ಎಲ್ಲಿಗ್ ಹೋದ್ರೂ ಅಲ್ಲೇ ಹೆರಿಗೆ ಮಾಡ್ಕೋತೀವಿ. ನೀವೂ ಬನ್ನಿ, ಬಿಸಿನೀರು ಕಾಯ್ಸಕ್ಕೆ ಒಬ್ರು ಬೇಕು."

ಶಶಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಪರಮಶಿವಯ್ಯನವರು ಇಕ್ಕಳ ನೋಡಿದರು, ಮೊಳೆ ನೋಡಿದರು, ಬಾಗಿಲಾಚೆ ನೋಡಿದರು. ಅವರು ಕೆಟ್ಟವರೇನಲ್ಲ, ಭಯಸ್ಥರು. ಜೀವಮಾನವೆಲ್ಲ ಯಾವುದೋ ಒಂದು ಕೈಬಿಟ್ಟು ಹೋಗುತ್ತದೆಂದು ಹಗ್ಗ ಹಿಡಿದೇ ಬದುಕಿದವರು.

"ಹನ್ನೊಂದು ತಿಂಗಳು ಆದ್ಮೇಲೆ?" ಎಂದು ಮೆಲ್ಲಗೆ ಕೇಳಿದರು.

"ಆವಾಗ್ಲೂ ನೀವೇ ಬಂದು ಕೀಳ್ಬೇಕು ಬುದ್ಧಿ," ಎಂದೆ ನಾನು. "ಇನ್ಯಾರೂ ಬರಲ್ಲ. ನಾನು ಬಾಡಿಗೆ ತಪ್ಪಿಸಲ್ಲ, ನೀವು ಇಕ್ಕಳ ತರ್ಬೇಡಿ. ಇಬ್ರೂ ನೆಲದ ಮೇಲಿರೋಣ."

ಮನೆ ಇನ್ನೊಂದು ಗೇಣು ಕೆರೆಯ ಕಡೆ ಸರಿಯಿತು. ಆಗ ಪರಮಶಿವಯ್ಯನವರು ತಾವಾಗಿ ಕೈ ಚಾಚಿ ನನ್ನಿಂದ ಇಸ್ತ್ರಿ ಪೆಟ್ಟಿಗೆ ಕೇಳಿ ತೆಗೆದುಕೊಂಡರು. ತಾವು ಬರೆಸಿದ ಕೆಂಪು ಬರಹದ ಮೇಲೆ, ತಮ್ಮ ಗೋಡೆಗೆ, ತಮ್ಮ ಕೈಯಾರೆ ಮೊಳೆ ಹೊಡೆದರು. ಮನೆ ಕೂತಿತು. ಸ್ವಲ್ಪ ಓರೆಯಾಗಿ ಕೂತಿತು, ಇವತ್ತಿಗೂ ನಮ್ಮ ಬಾಗಿಲು ರಸ್ತೆಗೆ ಸರಿಯಾಗಿ ಮುಖ ಮಾಡಿಲ್ಲ. ಅವರು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ನೆಲವನ್ನು ಎರಡು ಸಲ ತುಳಿದು ನೋಡಿದರು.

ಬುಡೇನ್ ಸಾಬರ ಮನೆಯ ಕಿಟಕಿಯಲ್ಲಿ ಮಕ್ಕಳೆಲ್ಲ ಜೋತುಬಿದ್ದು ಇದನ್ನು ನೋಡುತ್ತಿದ್ದವು. ಬೀಗ ರಿಪೇರಿಯವರ ಮನೆಯಲ್ಲಿ ಮೊಳೆಗೆ ಬರವೇ. ಟಕ್ ಟಕ್ ಎಂದು ಶುರುವಾಯಿತು. ಅವರ ಮನೆ ಇಳಿಯಿತು, ಅದರ ಪಕ್ಕದ್ದು ಇಳಿಯಿತು. ಆ ಬೀದಿಯಿಂದ ಈ ಬೀದಿಗೆ, ಈ ಬೀದಿಯಿಂದ ಸಂತೆಪೇಟೆಗೆ ಏಟುಗಳು ಓಡಿದವು. ಸುತ್ತಿಗೆ ಇಲ್ಲದವರು ಗುಂಡುಕಲ್ಲಿನಲ್ಲಿ ಹೊಡೆದರು, ಮೊಳೆ ಇಲ್ಲದವರು ಚಪ್ಪಲಿಯ ಅಟ್ಟೆಯಿಂದ ಕಿತ್ತು ಹೊಡೆದರು. ಮನೆಗಳು ದೊಪ್ ದೊಪ್ಪೆಂದು ಕೂರುತ್ತಿದ್ದವು, ಓನರುಗಳು ಬೀದಿಯಲ್ಲಿ ಅತ್ತಿಂದಿತ್ತ ಓಡುತ್ತಿದ್ದರು, ನಾಯಿಗಳು ಬೊಗಳುವುದನ್ನೂ ಮರೆತು ನಿಂತಿದ್ದವು. ಆಮೇಲೆ ಬಿಸಿಲು ಬಿತ್ತು. ಅಷ್ಟು ಬಿಸಿಲನ್ನು ನಮ್ಮ ಮಕ್ಕಳು ಕಂಡೇ ಇರಲಿಲ್ಲ. ತಮ್ಮ ನೆರಳನ್ನೇ ತುಳಿಯಲು ಹೋಗಿ ಬಿದ್ದವು. ಜನ ಹಸಿಬಟ್ಟೆಗಳನ್ನೆಲ್ಲ ತಂದು ಬೇಲಿಯ ಮೇಲೆ, ಬಸ್ ಸ್ಟಾಂಡಿನ ಕಂಬಿಯ ಮೇಲೆ, ಕಮರುನ್ನೀಸಾ ಅವರ ಜೀಪಿನ ಮೇಲೆ ಹರವಿದರು. ನನ್ನ ಅರ್ಧ ವ್ಯಾಪಾರ ಆ ಒಂದು ಮಧ್ಯಾಹ್ನದಲ್ಲಿ ಹೋಯಿತು. ಹೋಗಲಿ ಬಿಡಿ.

ಮೊಳೆ ಹೊಡೆದು ಬಾಡಿಗೆ ಕೊಡುತ್ತಿರುವವರನ್ನು ಎಬ್ಬಿಸುವಂತಿಲ್ಲ, ಬಾಡಿಗೆಯನ್ನು ಇದ್ದಕ್ಕಿದ್ದಂತೆ ಏರಿಸುವಂತಿಲ್ಲ ಎಂದು ಅಧ್ಯಕ್ಷೆ ಮಾರನೆಯ ದಿನವೇ ಊರಲ್ಲಿ ತಮಟೆ ಹೊಡೆಸಿದರು. ಓನರುಗಳು ತಕರಾರು ಎತ್ತಿದರು. ಹಾಗಾದರೆ ಇಕ್ಕಳ ಹಿಡಿದು ನೀವೇ ಒಳಗೆ ಹೋಗಿ ಎಂದರು ಅಧ್ಯಕ್ಷೆ. ಯಾರೂ ಹೋಗಲಿಲ್ಲ. ಊರಿನ ಎಲ್ಲರಿಗೂ ಮನೆ ಆಯಿತು ಎಂದು ನಾನು ಹೇಳುವುದಿಲ್ಲ. ಇನ್ನೂ ಕೆಲವರು ಪಾಯದ ಮೇಲಿದ್ದಾರೆ, ಇನ್ನೂ ಕೆಲವು ಮನೆ ಮೇಲಿವೆ. ಆದರೆ ಈಗ ಯಾರಾದರೂ ಕತ್ತೆತ್ತಿ ನೋಡಿದರೆ, ಯಾರದು ಆ ಮನೆ, ಯಾಕೆ ಖಾಲಿ ಎಂದು ಬಾಯಿಬಿಟ್ಟು ಕೇಳುತ್ತಾರೆ.

ದೊಡ್ಡತಾಯಮ್ಮ ಸೊಸೆಯನ್ನು ಬಿಟ್ಟು ಹೋಗಲು ಬಂದವರು, ಆಷಾಢ ಮುಗಿಯುವವರೆಗೂ ನಮ್ಮಲ್ಲೇ ಉಳಿದರು. ಹೊಸಿಲು ದಾಟಿದರೆ ತಾನೇ ದೋಷ, ನಾನು ಒಳಗೇ ಇರುತ್ತೇನೆ ಎಂದು ಕಾಲು ನೀಡಿ ಕೂತುಬಿಟ್ಟರು. ಶ್ರಾವಣ ಕಳೆದು ಗಾಳಿ ತಗ್ಗಿದ ಮೇಲೆ ಶಶಿಗೆ ಹೆಣ್ಣುಮಗುವಾಯಿತು, ನಮ್ಮ ಮನೆಯಲ್ಲೇ. ಬೋರಲಿಂಗ ಜಂತೆಗೆ ತೊಟ್ಟಿಲು ಕಟ್ಟಿದ. ಮನೆಯನ್ನು ಹಿಡಿದಿದ್ದ ಹಗ್ಗದಲ್ಲೇ ಕಟ್ಟಿದ, ಇದು ಎಂಥ ಗಾಳಿಗೂ ಹರಿಯುವುದಿಲ್ಲ ಎಂದ. ಅವನು ಅಷ್ಟು ಮಾತಾಡಿದ್ದು ಅಪರೂಪ.

ಪುಣ್ಯಾಹ ಕಳೆದ ಮೇಲೆ ಒಂದು ಮಧ್ಯಾಹ್ನ ತೊಟ್ಟಿಲು ತೂಗುತ್ತಾ ಕೂತಿದ್ದೆ. ಬಾಗಿಲಲ್ಲಿ ಪರಮಶಿವಯ್ಯನವರ ಹೆಂಡತಿ ಶಾಂತವೀರಮ್ಮ ನಿಂತಿದ್ದರು. ಊರಿನ ದೊಡ್ಡ ಮನೆಯ ಹೆಂಗಸು, ಬೀದಿಯ ಎದುರಿಗೇ ಇದ್ದರೂ ನಮ್ಮ ಬಾಗಿಲಿಗೆ ಎಂದೂ ಬಂದವರಲ್ಲ. ಮಗುವನ್ನು ನೋಡಿದರು, ಕೈಗೆ ಕಾಸು ಇಟ್ಟರು. ಆದರೂ ಹೋಗಲಿಲ್ಲ. ಕಂಕುಳಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ್ದ ಏನೋ ಒಂದು ಇತ್ತು.

"ನಮ್ ಮದುವೆ ಫೋಟೋ," ಎಂದರು. "ಮದುವೆ ಆದಾಗ್ಲಿಂದ ಪೆಟ್ಟಿಗೇಲೇ ಇದೆ. ಮನೆ ಇವತ್ತು ಮಾರ್ತೀವಿ, ನಾಳೆ ಮಾರ್ತೀವಿ, ಗೋಡೆ ಹಾಳಾಗುತ್ತೆ ಅಂತ ಇವ್ರು ಹಾಕಕ್ಕೇ ಬಿಡ್ಲಿಲ್ಲ. ನಮ್ಮನೆ ಯಾವಾಗ್ಲೂ ಸ್ವಲ್ಪ ತೇಲ್ತಾನೇ ಇರ್ತದೆ ಸಾವಂತ್ರಮ್ಮ, ಯಾರಿಗೂ ಹೇಳಿಲ್ಲ. ಮೂವತ್ತು ವರ್ಷದಿಂದ ನಂಗೆ ತಲೆ ಸುತ್ತು."

ಎದ್ದು ಇಸ್ತ್ರಿ ಪೆಟ್ಟಿಗೆಯ ಕೆಂಡ ಸುರಿದು, ತಣ್ಣಗಾಗುವವರೆಗೆ ಅವರಿಗೆ ಕಾಫಿ ಮಾಡಿ ಕೊಟ್ಟೆ. ಮೊಳೆ ಇದೆಯೇ ಎಂದು ಕೇಳಿದೆ. ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದರು. "ಇವ್ರು ನಗರಸಭೆಗೆ ಹೋಗಿದಾರೆ, ಬರೋದ್ರೊಳ್ಗೆ ಹೊಡೀಬೇಕು" ಎಂದು ಇಸ್ತ್ರಿ ಪೆಟ್ಟಿಗೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು, ಹುಡುಗಿಯ ಹಾಗೆ ಬಿರಬಿರನೆ ಬೀದಿ ದಾಟಿ ಹೋದರು.

ಸ್ವಲ್ಪ ಹೊತ್ತಿಗೆ ಮೂರು ಏಟು ಕೇಳಿಸಿತು. ಆಮೇಲೆ ಆ ದೊಡ್ಡ ಮನೆ ನೆಲಕ್ಕೆ ಕೂತ ಸದ್ದಿಗೆ ನಮ್ಮ ತಟ್ಟೆ ಲೋಟಗಳೆಲ್ಲ ಗಲಗಲ ಅಂದವು. ಮಗು ಬೆಚ್ಚಿ ಕಣ್ಣು ಬಿಟ್ಟಿತು. ಏನೂ ಇಲ್ಲ ಕಣವ್ವ, ಎದುರು ಮನೆಯವರು ಬಂದರು ಎಂದು ಹೇಳಿ ತೊಟ್ಟಿಲು ತೂಗಿದೆ.